ಮೊಖಾದ ಕಾಫಿ ಶೈಖ್: ಅಲೀ ಬಿನ್ ಉಮರ್ ಶಾದುಲಿ (ರ)

ಯೆಮನ್ ದೇಶದ ಸರಕಾರಿ ಲಾಂಛನವನ್ನು ಒಮ್ಮೆ ಸರಿಯಾಗಿ ನೋಡಿ. ರೆಕ್ಕೆ ಬಿಚ್ಚಿದ ಬಂಗಾರ ಬಣ್ಣದ ಗಿಡುಗ, ಅದರ ಎದೆಯ ಮೇಲೊಂದು ಗುರಾಣಿ. ಆ ಗುರಾಣಿಯಲ್ಲಿ ಮಅ್‌ರಿಬ್ ಅಣೆಕಟ್ಟಿನ ಚಿತ್ರ ಇದೆ. ಸಬಾ ಜನಾಂಗದ ಆ ಅಣೆಕಟ್ಟು ಒಡೆದು ಪ್ರವಾಹ ಬಂದ ವಿಷಯ ಕುರ್‌ಆನಿನ ಸಬಾ ಸೂರಃದಲ್ಲಿರುವುದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಅಣೆಕಟ್ಟಿನ ಜೊತೆಗೆ ಇನ್ನೊಂದು ಚಿತ್ರ ಉಂಟು. ಅದು ಕಾಫಿ ಗಿಡ. ಸಿಂಹವನ್ನೋ ಕತ್ತಿಯನ್ನೋ ಗುರುತಾಗಿ ಇಟ್ಟುಕೊಂಡ ದೇಶಗಳು ಬೇಕಾದಷ್ಟಿವೆ. ಕುಡಿಯುವ ಪಾನೀಯದ ಗಿಡವನ್ನು ಎದೆಯ ಮೇಲೆ ಇಟ್ಟುಕೊಂಡ ದೇಶ ಅಪರೂಪ.

ಈ ಗಿಡದ ವಿಷಯ ಬಂದರೆ ಯೆಮನಿಗಳು ಮೊದಲು ಹೆಸರು ಹೇಳುವುದು ಯಾವುದೋ ಇಮಾಮರನ್ನೋ ಸುಲ್ತಾನರನ್ನೋ ಅಲ್ಲ. ಕೆಂಪು ಸಮುದ್ರದ ದಡದಲ್ಲಿ ಗುಡಿಸಲು ಕಟ್ಟಿಕೊಂಡು ಇಬಾದತ್ತಿನಲ್ಲಿ ಕಾಲ ಕಳೆದ ಒಬ್ಬ ಶೈಖರನ್ನು. ಅವರೇ ಅಲೀ ಬಿನ್ ಉಮರ್ ಅಲ್ ಖುರಶೀ ಶಾದುಲಿ ರಹಿಮಹುಲ್ಲಾಹ್. ಅವರ ವಫಾತ್ ಆದದ್ದು ಹಿಜ್‌ರಿ 821ರಲ್ಲಿ, ಅಂದರೆ ಕ್ರಿ.ಶ. 1418ರಲ್ಲಿ. ಮಲಗಿರುವುದು ಮೊಖಾ ಪಟ್ಟಣದಲ್ಲಿ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಶಾದುಲಿ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಶಾದುಲಿ ತ್ವರೀಖತ್ತಿನ ಸ್ಥಾಪಕರಾದ ಇಮಾಮ್ ಅಬುಲ್ ಹಸನ್ ಶಾದುಲಿ (ರ) ಅವರು. ಹಿಝ್ಬುಲ್ ಬಹ್‌ರ್ ಅವರದ್ದೇ. ಅವರು ಮೊರಾಕ್ಕೊದಲ್ಲಿ ಹುಟ್ಟಿ, ಹಜ್ಜಿಗೆ ಹೋಗುವ ದಾರಿಯಲ್ಲಿ ಈಜಿಪ್ಟಿನ ಹುಮೈಥರಾ ಎಂಬ ಮರುಭೂಮಿಯಲ್ಲಿ ಹಿಜ್‌ರಿ 656ರಲ್ಲಿ ವಫಾತಾದವರು. ಮೊಖಾದ ಶೈಖರು ಅವರಿಗಿಂತ ನೂರೈವತ್ತಕ್ಕೂ ಹೆಚ್ಚು ವರ್ಷ ಈಚೆಯವರು, ಅದೇ ತ್ವರೀಖತ್ತಿನ ದಾರಿಯಲ್ಲಿ ನಡೆದವರು. ಹೆಸರು ಒಂದೇ ರೀತಿ ಇರುವುದರಿಂದ ಇಬ್ಬರ ಕಥೆಯನ್ನೂ ಕಲಸಿ ಹೇಳುವವರಿದ್ದಾರೆ. ಕಾಫಿಯ ಶೈಖ್ ಅಬುಲ್ ಹಸನ್ ಅಲ್ಲ, ಅಲೀ ಬಿನ್ ಉಮರ್.

ಇವರ ಗುರುಪರಂಪರೆ ಈಜಿಪ್ಟಿನ ಶಾದುಲಿ ಶೈಖ್ ನಾಸಿರುದ್ದೀನ್ ಇಬ್ನುಲ್ ಮೈಲಖ್ ಅವರಿಗೆ ಸೇರುತ್ತದೆ. ಕೆಂಪು ಸಮುದ್ರದ ಆಚೆ ದಡದಲ್ಲಿ, ಇಂದಿನ ಇಥಿಯೋಪಿಯಾ ಮತ್ತು ಸೊಮಾಲಿಯಾದ ಕಡೆ, ಆ ಕಾಲದಲ್ಲಿ ಸಅದುದ್ದೀನ್ ಎಂಬ ಮುಸ್ಲಿಂ ಸುಲ್ತಾನರು ಆಳುತ್ತಿದ್ದರು. ಶೈಖರು ಕೆಲಕಾಲ ಅವರ ಒಡನಾಟದಲ್ಲಿದ್ದರೆಂದು ಚರಿತ್ರೆಗಳು ಹೇಳುತ್ತವೆ. ಇದು ಸಣ್ಣ ವಿಷಯ ಅಲ್ಲ. ಏಕೆಂದರೆ ಕಾಫಿ ಗಿಡ ತಾನಾಗಿಯೇ ಬೆಳೆಯುವುದು ಇಥಿಯೋಪಿಯಾದ ಕಾಡುಗಳಲ್ಲಿ. ಸಮುದ್ರ ದಾಟಿ ಬಂದ ಮೇಲೆ ಅದನ್ನು ಗುಡ್ಡದ ಮೆಟ್ಟಿಲು ಗದ್ದೆಗಳಲ್ಲಿ ನೆಟ್ಟು ಬೆಳೆಸಿದವರು, ಬೀಜ ಕುದಿಸಿ ಲೋಟಕ್ಕೆ ಇಳಿಸಿ ಕುಡಿದವರು ಯೆಮನಿಗಳು. ಎರಡೂ ದಡ ಕಂಡವರು ಶೈಖರು.

ಅವರು ದೊಡ್ಡ ಕಿತಾಬು ಬರೆದು ಹೆಸರಾದವರಲ್ಲ. ಯುದ್ಧ ಗೆದ್ದವರಲ್ಲ. ಇಶಾ ನಮಾಝ್ ಆದ ಮೇಲೆ ತಹಜ್ಜುದ್, ದಿಕ್ರ್, ಔರಾದ್ ಎಂದು ಫಜ್ರ್ ತನಕ ಕೂರುವವರ ಕಷ್ಟ ಒಂದೇ. ನಿದ್ದೆ. ರಂಝಾನಿನ ಕೊನೆಯ ಹತ್ತರಲ್ಲಿ ಮಸೀದಿಯಲ್ಲಿ ಇಅ್‌ತಿಕಾಫ್ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನಸ್ಸು ಬೇಕು ಅಂತದೆ, ಕಣ್ಣು ಕೇಳುವುದಿಲ್ಲ. ಮೊಖಾದ ಶೈಖರು ತಮ್ಮ ಮುರೀದರಿಗೆ ಈ ನಿದ್ದೆ ತಡೆಯಲು ಖಹ್ವಾ ಕುಡಿಯುವ ದಾರಿ ತೋರಿಸಿದರು ಎಂಬುದು ಅಲ್ಲಿನವರು ತಲೆತಲಾಂತರದಿಂದ ಹೇಳುತ್ತಾ ಬಂದ ಮಾತು.

ಇದೇ ಕೀರ್ತಿಯನ್ನು ಅದನ್ ಪಟ್ಟಣದವರು ಇನ್ನೊಬ್ಬರಿಗೆ ಕೊಡುತ್ತಾರೆ. ಅವರು ಅದನಿನ ಮುಫ್ತಿ ಜಮಾಲುದ್ದೀನ್ ದಬ್‌ಹಾನೀ, ವಫಾತ್ ಹಿಜ್‌ರಿ 875. ಅವರೂ ಆಚೆ ದಡಕ್ಕೆ ಹೋಗಿದ್ದಾಗ ಜನ ಈ ಬೀಜವನ್ನು ಬಳಸುವುದನ್ನು ಕಂಡು ಬಂದರಂತೆ. ಊರಿಗೆ ಬಂದು ಕಾಯಿಲೆ ಬಿದ್ದಾಗ ನೆನಪಾಗಿ ಕುಡಿದು ನೋಡಿದರು, ಮೈ ಹಗುರಾಯಿತು, ನಿದ್ದೆ ದೂರವಾಯಿತು. ಮುಂದೆ ಸೂಫಿ ದಾರಿ ಹಿಡಿದ ಮೇಲೆ ರಾತ್ರಿಯ ಇಬಾದತ್ತಿಗೆ ಅದನ್ನೇ ಬಳಸಿದರು. 1558ರ ಸುಮಾರಿಗೆ ಅಬ್ದುಲ್ ಖಾದಿರ್ ಅಲ್ ಜಝೀರೀ ಎಂಬ ಹಂಬಲೀ ವಿದ್ವಾಂಸರು ಕಾಫಿ ಹಲಾಲ್ ಎಂದು ಸಾಧಿಸಲು ಉಮ್ದತುಸ್ಸಫ್ವ ಎಂಬ ಕಿತಾಬನ್ನೇ ಬರೆದರು. ಅದರಲ್ಲಿ ಈ ಎರಡೂ ಹೇಳಿಕೆಗಳಿವೆ. ಮೊದಲು ಖಹ್ವಾ ಮಾಡುತ್ತಿದ್ದದ್ದು ಖಾತ್ ಎಂಬ ಸೊಪ್ಪಿನಿಂದ, ಅದನಿನಲ್ಲಿ ಆ ಸೊಪ್ಪು ಸಿಗದೆ ಹೋದಾಗ ದಬ್‌ಹಾನೀಯವರು ಕಾಫಿ ಬೀಜ ಹಾಕಲು ಹೇಳಿದರು ಎಂಬ ಇನ್ನೊಂದು ಮಾತೂ ಅಲ್ಲೇ ಇದೆ. ಈ ಖಾತ್ ವಿಷಯ ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾರು ಮೊದಲು ಎಂದು ಮೊಖಾದವರೂ ಅದನಿನವರೂ ಜಗಳ ಆಡಿಕೊಳ್ಳಲಿ. ನಮಗೆ ಮುಖ್ಯ ಅನಿಸುವುದು ಬೇರೆ. ಎರಡೂ ಕಥೆಯಲ್ಲಿ ಕಾಫಿ ಹೊರಟದ್ದು ಅರಮನೆಯಿಂದ ಅಲ್ಲ, ಮುಸಲ್ಲಾದ ಮೇಲಿಂದ.

ಶೈಖರ ಬಗ್ಗೆ ಮೊಖಾದಲ್ಲಿ ಹೇಳುವ ಒಂದು ಪ್ರಸಿದ್ಧ ಘಟನೆ ಉಂಟು. ಡೆನ್ಮಾರ್ಕ್ ದೊರೆ ಕಳಿಸಿದ ಸಂಶೋಧಕರ ತಂಡದಲ್ಲಿ ಅಲ್ಲಿಗೆ ಹೋಗಿದ್ದ ಕಾರ್ಸ್ಟನ್ ನೀಬೂರ್ ಎಂಬ ಜರ್ಮನ್ ಪ್ರವಾಸಿ 1763ರಲ್ಲಿ ಅಲ್ಲಿನವರ ಬಾಯಿಂದಲೇ ಕೇಳಿ ಬರೆದುಕೊಂಡದ್ದು ಇದು. (ಆ ತಂಡದಲ್ಲಿ ಜೀವಂತ ಊರಿಗೆ ಮರಳಿದ್ದು ಅವರೊಬ್ಬರೇ.) ಹಿಂದ್‌ನಿಂದ ಜಿದ್ದಾಕ್ಕೆ ಹೋಗುತ್ತಿದ್ದ ಒಂದು ಹಡಗು ಮೊಖಾದ ಎದುರು ಲಂಗರು ಹಾಕಿತು. ಆಗ ಅಲ್ಲಿ ಪಟ್ಟಣ ಇರಲಿಲ್ಲ. ಒಂದು ಗುಡಿಸಲು ಕಂಡಿತು. ಹಡಗಿನವರು ಇಳಿದು ಹೋಗಿ ನೋಡಿದರೆ ಒಳಗೆ ಶೈಖ್ ಶಾದುಲಿಯವರು. ಬಂದ ಅತಿಥಿಗಳಿಗೆ ಅವರು ಕಾಫಿ ಕೊಟ್ಟು ಸತ್ಕರಿಸಿದರು. ಹಿಂದ್‌ನವರಿಗೆ ಇದೆಂತ ಕಪ್ಪು ನೀರು ಅಂತ ಗೊತ್ತಿಲ್ಲ. ಹಡಗಿನಲ್ಲಿ ಕಾಯಿಲೆ ಬಿದ್ದಿದ್ದ ತಮ್ಮ ಯಜಮಾನರಿಗೆ ಇದು ಮದ್ದಾಗಬಹುದು ಎಂದುಕೊಂಡರು. ಶೈಖರು ದುಆ ಮಾಡಿದರು, ಕಾಫಿಯನ್ನೂ ಕೊಟ್ಟರು. ಸರಕು ಇಲ್ಲೇ ಇಳಿಸಿದರೆ ನಿಮಗೆ ಲಾಭವಾಗುತ್ತದೆ, ಮುಂದೊಂದು ದಿನ ಇಲ್ಲಿ ದೊಡ್ಡ ಪಟ್ಟಣ ಏಳುತ್ತದೆ ಎಂದೂ ತಿಳಿಸಿದರು. ಯಜಮಾನರು ಗುಣವಾದರು. ಅಂದೇ ಒಳನಾಡಿನ ವ್ಯಾಪಾರಿಗಳು ಬಂದು ಸರಕನ್ನೆಲ್ಲ ಕೊಂಡರು. ಹಡಗಿನವರು ಊರಿಗೆ ಹೋಗಿ ಸುದ್ದಿ ಹೇಳಿದರು, ಹಡಗುಗಳು ಬರತೊಡಗಿದವು.

ಹಿಂದ್‌ನ ಯಾವ ಬಂದರಿನ ಹಡಗು ಎಂದು ಕಥೆ ಹೆಸರಿಸುವುದಿಲ್ಲ. ನಮ್ಮ ಕರಾವಳಿಯಿಂದ ಅಕ್ಕಿ ಹೊತ್ತ ಹಡಗುಗಳು ಅರಬ್ ಬಂದರುಗಳಿಗೆ ಹೋಗುತ್ತಿದ್ದವು, ಬ್ಯಾರಿ ಎಂಬ ಹೆಸರೇ ಬ್ಯಾರ ಅಂದರೆ ವ್ಯಾಪಾರದಿಂದ ಬಂತೆಂದು ನಮ್ಮ ಹಿರಿಯರು ಹೇಳುತ್ತಾರೆ. ಹಾಗಾಗಿ ಅದು ನಮ್ಮದೇ ಹಡಗು ಅಂತ ಸೇರಿಸಿ ಹೇಳುವ ಆಸೆ ನಮಗೂ ಆಗುತ್ತದೆ. ಸೇರಿಸುವುದು ಸರಿಯಲ್ಲ, ಬಿಡಿ.

ನೀಬೂರ್ ಹೋದಾಗ ಶೈಖರು ವಫಾತಾಗಿ ಮುನ್ನೂರೈವತ್ತು ವರ್ಷ ಹತ್ತಿರ ಆಗಿತ್ತು. ಆಗಲೂ ಮೊಖಾದ ಒಂದು ಬಾಗಿಲಿಗೆ ಅವರ ಹೆಸರು, ಜನ ನೀರು ಸೇದುವ ಬಾವಿಗೆ ಅವರ ಹೆಸರು, ಮಖ್ಬರದ ಮಸೀದಿಗೆ ಅವರ ಹೆಸರು. ಬೆಳಿಗ್ಗೆಯ ಪ್ರಾರ್ಥನೆಯಲ್ಲಿ ಜನ ಅವರನ್ನು ನೆನೆಯುತ್ತಿದ್ದರು, ಕಾಫಿ ಎಂಬ ನಿಅ್‌ಮತ್ತಿಗಾಗಿ ಅಲ್ಲಾಹನಿಗೆ ಶುಕ್ರ್ ಹೇಳುತ್ತಿದ್ದರು. ದೂರದ ಅಲ್ಜೀರಿಯಾದಲ್ಲಿ ಕಾಫಿಗೇ ಶಾದುಲಿಯ್ಯ ಎಂದು ಕರೆಯುವ ರೂಢಿ ಇತ್ತು. ಒಬ್ಬ ಮನುಷ್ಯನ ಹೆಸರು ಲೋಟದೊಳಗಿನ ವಸ್ತುವಿಗೇ ಹತ್ತಿಕೊಳ್ಳುವುದು ಸುಲಭದ ವಿಷಯ ಅಲ್ಲ.

ಶೈಖರ ಜೀವನ ಇಷ್ಟಕ್ಕೆ ಮುಗಿಯಿತು. ಆದರೆ ಅವರು ಬಿಟ್ಟು ಹೋದ ಪಾನೀಯದ ಪರೀಕ್ಷೆ ಶುರುವಾದದ್ದು ಅವರ ನಂತರ.

ಯೆಮನಿ ಸೂಫಿಗಳು ಹೋದಲ್ಲೆಲ್ಲ ಖಹ್ವಾ ಹೋಯಿತು. ಕೈರೋದ ಅಲ್ ಅಝ್‌ಹರ್‌ನಲ್ಲಿ ಯೆಮನಿ ವಿದ್ಯಾರ್ಥಿಗಳ ವಸತಿ ಇತ್ತು. ಅಲ್ಲಿ ವಾರಕ್ಕೆರಡು ರಾತ್ರಿ ದಿಕ್ರ್ ಮಜ್ಲಿಸ್. ಕೆಂಪು ಮಣ್ಣಿನ ದೊಡ್ಡ ಪಾತ್ರೆಯಲ್ಲಿ ಕಾಫಿ ತರುತ್ತಿದ್ದರು. ಮಜ್ಲಿಸಿನ ಹಿರಿಯರು ಸಣ್ಣ ಸೌಟಿನಿಂದ ಎತ್ತಿ ಬಲಗಡೆಯವರಿಂದ ಶುರು ಮಾಡಿ ಒಬ್ಬೊಬ್ಬರಿಗೆ ಕುಡಿಸುತ್ತಿದ್ದರು, ನಾಲಿಗೆಯಲ್ಲಿ ದಿಕ್ರ್ ನಿಲ್ಲುತ್ತಿರಲಿಲ್ಲ. ಇನ್ನೊಂದು ಸ್ವಾರಸ್ಯ ಕೇಳಿ. ಅಬ್ಜದ್ ಲೆಕ್ಕದಲ್ಲಿ ಖಹ್ವಾ ಎಂಬ ಪದದ ಅಕ್ಷರಗಳನ್ನು ಕೂಡಿಸಿದರೆ 116. ಅಲ್ಲಾಹನ ಹೆಸರುಗಳಲ್ಲಿ ಒಂದಾದ ಖವಿಯ್ಯ್, ಅಂದರೆ ಬಲಶಾಲಿ, ಅದರ ಲೆಕ್ಕವೂ 116. ಹಾಗಾಗಿ ಕಾಫಿ ಕುಡಿಯುವ ಮುನ್ನ ಯಾ ಖವಿಯ್ಯು ಎಂದು 116 ಸಲ ಹೇಳುವ ರೂಢಿಯೂ ಸೂಫಿಗಳಲ್ಲಿ ಬೆಳೆಯಿತು. ಬೇಕಿದ್ದರೆ ಮನೆಯ ಮಕ್ಕಳಿಗೆ ಲೆಕ್ಕ ಹಾಕಲು ಕೊಡಿ: ಖಾಫ್ 100, ಹಾ 5, ವಾವ್ 6, ಕೊನೆಯ ಹಾ 5.

ಇಬಾದತ್ತಿನವರ ಪಾನೀಯ ಪೇಟೆಗೆ ಇಳಿದಾಗ ತಕರಾರು ಎದ್ದಿತು. ಒಂದು ಕಾರಣ ಹೆಸರಿನಲ್ಲೇ ಇತ್ತು. ಹಳೆಯ ಅರಬಿಯಲ್ಲಿ ಖಹ್ವಾ ಎಂದರೆ ಮದ್ಯಕ್ಕೂ ಇದ್ದ ಹೆಸರು. ಕಾಫಿ ಕುಡಿಯುವವರು ಗುಂಪಾಗಿ ಕೂತು ಲೋಟವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು, ಅದೂ ಮದ್ಯದ ಕೂಟದ ಹಾಗೆಯೇ ಕಂಡಿತು. ಬೀಜವನ್ನು ಹುರಿದು ಕರಿ ಮಾಡುತ್ತೀರಿ, ಇದ್ದಿಲು ತಿನ್ನುವುದು ಸರಿಯಲ್ಲ ಎಂದು ಮುಂದೆ ಇಸ್ತಾಂಬುಲಿನಲ್ಲಿ ವಾದಿಸಿದವರೂ ಇದ್ದರು.

ದೊಡ್ಡ ಗಲಾಟೆ ಆದದ್ದು ಮಕ್ಕಾದಲ್ಲಿ, 1511ರಲ್ಲಿ. ಈಜಿಪ್ಟಿನ ಮಮ್ಲೂಕ್ ಸುಲ್ತಾನರ ಆಡಳಿತ. ಖಾಇರ್ ಬೇಗ್ ಎಂಬವರು ಅಲ್ಲಿ ಮುಹ್ತಸಿಬ್, ಅಂದರೆ ಪೇಟೆ ಮತ್ತು ಜನರ ನಡತೆಯ ಮೇಲೆ ಕಣ್ಣಿಡುವ ಅಧಿಕಾರಿ. ರಬೀಉಲ್ ಅವ್ವಲ್ ತಿಂಗಳ ಒಂದು ರಾತ್ರಿ ಹರಮಿನ ಹತ್ತಿರ ಕೆಲವರು ದೀಪ ಹಚ್ಚಿಕೊಂಡು ಕೂತಿರುವುದು ಅವರಿಗೆ ಕಂಡಿತು. ಹತ್ತಿರ ಹೋಗುವಷ್ಟರಲ್ಲಿ ಅವರು ದೀಪ ಆರಿಸಿದರು. ವಿಚಾರಿಸಿದರೆ ಮೌಲಿದ್ ಮಜ್ಲಿಸ್, ಕುಡಿಯುತ್ತಿದ್ದದ್ದು ಕಾಫಿ. ಖಾಇರ್ ಬೇಗ್ ಮರುದಿನವೇ ಉಲಮಾಗಳ ಸಭೆ ಕರೆದರು. ಇಬ್ಬರು ಅಜಮೀ ಹಕೀಮರು, ಅಣ್ಣತಮ್ಮಂದಿರು, ಕಾಫಿ ದೇಹಕ್ಕೆ ಕೆಟ್ಟದು ಎಂದು ಸಾಕ್ಷಿ ಹೇಳಿದರು. ಇನ್ನೊಬ್ಬ ಎದ್ದು ಕಾಫಿ ಮದ್ಯದಂತೆಯೇ ತಲೆಗೆ ಏರುತ್ತದೆ ಎಂದುಬಿಟ್ಟ. ಮದ್ಯ ಹೇಗಿರುತ್ತದೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದಾಗ ಸಿಕ್ಕಿಬಿದ್ದ, ಕುಡಿದದ್ದನ್ನು ಒಪ್ಪಿಕೊಂಡು ಅದಕ್ಕೆ ಶಿಕ್ಷೆಯನ್ನೂ ತಿಂದ! ಸಭೆಯಲ್ಲಿ ಹೆಚ್ಚಿನವರು ಅಧಿಕಾರಿಯ ಕಡೆ ವಾಲಿದರು. ಮಕ್ಕಾದ ಮುಫ್ತಿ, ನಮ್ಮದೇ ಶಾಫಿಈ ಮದ್‌ಹಬಿನ ನೂರುದ್ದೀನ್ ಬಿನ್ ನಾಸಿರ್ ಮಾತ್ರ ಒಪ್ಪಲಿಲ್ಲ. ಅದಕ್ಕಾಗಿ ಬೈಗುಳ ಕೇಳಬೇಕಾಯಿತು. ಕಾಫಿಯನ್ನು ಬೀದಿಯಲ್ಲಿ ಸುಡಲಾಯಿತು, ಮಾರಿದವರಿಗೆ ಹೊಡೆತ ಬಿತ್ತು.

ಆದರೆ ಕೈರೋದಿಂದ ಸುಲ್ತಾನ್ ಖಾನ್ಸೂಹ್ ಗೌರಿಯ ಆದೇಶ ಬಂದಾಗ ನೋಡಿದರೆ ಅದರಲ್ಲಿ ತಡೆದದ್ದು ಕೆಟ್ಟ ಕೂಟಗಳನ್ನು, ಕಾಫಿಯನ್ನಲ್ಲ. ಮುಂದಿನ ವರ್ಷ ಖಾಇರ್ ಬೇಗ್ ಆ ಹುದ್ದೆಯಲ್ಲೇ ಇರಲಿಲ್ಲ.

ನಮಗೆ ಇದಕ್ಕಿಂತ ಇಷ್ಟವಾಗುವುದು ಕೈರೋದ ಖಾಝಿ ಮುಹಮ್ಮದ್ ಬಿನ್ ಇಲ್ಯಾಸ್ ಅವರ ವಿಷಯ. 1530ರ ದಶಕದಲ್ಲಿ ಅಲ್ಲಿ ಒಬ್ಬ ವಾಇಝ್ ಕಾಫಿ ಹರಾಮ್ ಎಂದು ಬಿಸಿ ಬಿಸಿ ಭಾಷಣ ಮಾಡಿದರು. ಕೇಳಿದ ಗುಂಪು ಎದ್ದು ಹೋಗಿ ಕಾಫಿ ಅಂಗಡಿಗಳನ್ನು ಒಡೆಯಿತು. ಖಾಝಿಯವರು ಕಿತಾಬು ತೆರೆಯುವ ಮುಂಚೆ ಒಂದು ಕೆಲಸ ಮಾಡಿದರು. ತಮ್ಮ ಮನೆಯಲ್ಲೇ ಕಾಫಿ ಮಾಡಿಸಿ, ಜನರನ್ನು ಕರೆಸಿ ಕುಡಿಸಿ, ಹೊತ್ತು ಮುಳುಗುವ ತನಕ ಅವರ ಜೊತೆ ಮಾತಾಡುತ್ತಾ ಕೂತರು. ಯಾರ ನಾಲಿಗೆಯೂ ತೊದಲಲಿಲ್ಲ, ಯಾರ ಬುದ್ಧಿಯೂ ಕೆಡಲಿಲ್ಲ. ಆಮೇಲೆ ಕಾಫಿಗೆ ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟರು. ಹೊಸದೊಂದು ವಸ್ತು ಕಂಡ ಕೂಡಲೇ ಹರಾಮ್ ಎಂಬ ಪದ ಬಾಯಿಗೆ ಬರುವ ಕಾಲ ಇದು, ವಾಟ್ಸ್‌ಆ್ಯಪಿನಲ್ಲಿ ದಿನಕ್ಕೆ ಹತ್ತು ಬರುತ್ತವೆ. ಆ ಖಾಝಿಯವರಷ್ಟು ತಾಳ್ಮೆ ನಮ್ಮಲ್ಲಿ ಎಷ್ಟು ಜನರಿಗಿದೆ? ಹಲಾಲನ್ನು ಹರಾಮ್ ಎನ್ನುವುದೂ ಹರಾಮನ್ನು ಹಲಾಲ್ ಎನ್ನುವಷ್ಟೇ ದೊಡ್ಡ ತಪ್ಪು ಎಂದು ನಮಗೆ ದರ್ಸಿನಲ್ಲಿ ಕಲಿಸಿದ್ದಾರೆ.

ಕೊನೆಗೆ ಫುಖಹಾಗಳ ಅಭಿಪ್ರಾಯ ನಿಂತದ್ದು ನಿಯ್ಯತ್ತಿನ ಮೇಲೆ. ಕಾಫಿ ಸ್ವತಃ ಮುಬಾಹ್. ಇಬಾದತ್ತಿಗೆ ಎಚ್ಚರ ಇರಲು ಕುಡಿದರೆ ಆ ಕುಡಿತಕ್ಕೂ ಪುಣ್ಯ. ಕೆಟ್ಟ ಕೂಟಕ್ಕೆ ಎಚ್ಚರ ಇರಲು ಕುಡಿದರೆ ಅದರ ಹುಕುಮ್ ಬೇರೆ.

ಹಲಾಲ್ ಎಂದು ತೀರ್ಮಾನ ಆದದ್ದೇ ತಡ, ಮೊಖಾಕ್ಕೆ ಅದೃಷ್ಟ ಖುಲಾಯಿಸಿತು. ಹರಾಝ್, ಬನೀ ಮತರ್, ರೈಮಾ ಗುಡ್ಡಗಳಲ್ಲಿ ಬೆಳೆದ ಕಾಫಿ ಒಂಟೆಗಳ ಮೇಲೆ ಬೈತುಲ್ ಫಖೀಹ್ ಸಂತೆಗೆ ಇಳಿದು, ಅಲ್ಲಿಂದ ಮೊಖಾ ಬಂದರಿಗೆ ಬರುತ್ತಿತ್ತು. ಡಚ್ಚರು, ಇಂಗ್ಲಿಷರು, ಫ್ರೆಂಚರು ಅಲ್ಲಿ ಕೋಠಿ ಹಾಕಿದರು. ಹೆಚ್ಚುಕಡಿಮೆ 17ನೇ ಶತಮಾನ ಪೂರ್ತಿ ಲೋಕಕ್ಕೆಲ್ಲ ಕಾಫಿ ಸಿಗುತ್ತಿದ್ದದ್ದು ಯೆಮನಿನಿಂದ. ಮೊಳೆಯುವ ಬೀಜ ಹೊರಗೆ ಹೋಗದಂತೆ ಅವರು ಜಾಗ್ರತೆ ಮಾಡಿದ್ದರು ಎನ್ನುತ್ತಾರೆ. ಆದರೂ ಹೋಯಿತು. ಹಜ್ಜಿಗೆ ಹೋಗಿದ್ದ ಬಾಬಾ ಬುಡನ್ ಅವರು ಮೊಖಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬುದು ನಮ್ಮ ನಾಡಿನ ಹಿರಿಯರ ಮಾತು. ಆ ಗುಡ್ಡಗಳ ತೋಟಗಳನ್ನು ನಂಬಿ ಘಟ್ಟ ಹತ್ತಿದ ಬ್ಯಾರಿ ಕುಟುಂಬಗಳು ಎಷ್ಟೋ. ಡಚ್ಚರು ಜಾವಾ ದ್ವೀಪದಲ್ಲಿ ದೊಡ್ಡದಾಗಿ ಬೆಳೆಸಿದರು. ಅಲ್ಲಿಂದ ಮುಂದೆ ಮೊಖಾದ ದಾರಿ ಇಳಿಜಾರು. 1839ರಲ್ಲಿ ಬ್ರಿಟಿಷರು ಅದನನ್ನು ಹಿಡಿದ ಮೇಲೆ ಹಡಗುಗಳೂ ಆ ಕಡೆ ತಿರುಗಿದವು. ಈಗ ಮೊಖಾ ಮೀನುಗಾರರ ಸಣ್ಣ ಊರು, ಈಚಿನ ಯುದ್ಧದಲ್ಲಿ ಇನ್ನಷ್ಟು ನೊಂದದ್ದು. ಮಂಗಳೂರಿನ ಏಸಿ ಕಾಫಿ ಅಂಗಡಿಯಲ್ಲಿ ಚಾಕೊಲೇಟ್ ಹಾಕಿ ಮೋಕಾ ಅಂತ ಮಾರುತ್ತಾರಲ್ಲ, ಆ ಹೆಸರು ಈ ಊರಿನದ್ದೇ. ಕುಡಿಯುವ ನಮ್ಮ ಹುಡುಗರಿಗೆ ಅಲ್ಲೊಬ್ಬ ವಲಿಯ್ಯ್ ಮಲಗಿದ್ದಾರೆಂದು ಗೊತ್ತಿರುವುದಿಲ್ಲ.

ಕಾಫಿ ಬೆಳೆದು ಲೋಕಕ್ಕೆ ಮಾರಿದ ಯೆಮನಿಗಳು ಮನೆಯಲ್ಲಿ ಹೆಚ್ಚು ಕುಡಿಯುವುದು ಬೀಜದ ಕಾಫಿಯನ್ನಲ್ಲ, ಕಿಶ್ರ್ ಎಂಬುದನ್ನು. ಕಾಫಿ ಹಣ್ಣಿನ ಒಣಗಿದ ಸಿಪ್ಪೆಯನ್ನು ಶುಂಠಿ ಹಾಕಿ ಕುದಿಸಿದ್ದು, ನೋಡಲು ತೆಳು ಚಹಾದ ಹಾಗೆ. ಬೀಜ ಮಾರಾಟಕ್ಕೆ, ಸಿಪ್ಪೆ ಮನೆಗೆ. ಶೀತ ಜ್ವರ ಬಂದಾಗ ನಮ್ಮ ಉಮ್ಮಂದಿರು ಒಣಶುಂಠಿ ಹಾಕಿ ಕರಿ ಕಾಫಿ ಮಾಡಿ ಕೊಡುವುದು ನೆನಪಾಗದೆ ಇರದು. ಹದ್ದಾದ್ ರಾತೀಬನ್ನು ನಮ್ಮ ಮನೆಗಳಿಗೆ ಕೊಟ್ಟ ಇಮಾಮ್ ಅಬ್ದುಲ್ಲಾಹಿಲ್ ಹದ್ದಾದ್ (ರ) ಕೂಡ ಯೆಮನಿನ ತರೀಮಿನವರು. ರಾತೀಬ್ ಮುಗಿದ ಮೇಲೆ ಬರುವ ಆ ಬಿಸಿ ಲೋಟವೂ ಅದೇ ನಾಡಿನ ಕೊಡುಗೆ.

2015ರಲ್ಲಿ ಯುನೆಸ್ಕೊ ಸಂಸ್ಥೆ ಅರಬಿ ಕಾಫಿಯನ್ನು ಔದಾರ್ಯದ ಗುರುತೆಂದು ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಸೌದಿ ಅರೇಬಿಯಾ, ಯುಎಇ, ಒಮಾನ್, ಖತಾರ್ ಒಟ್ಟಾಗಿ ಅರ್ಜಿ ಹಾಕಿದ್ದವು. ಎರಡು ವರ್ಷ ಮೊದಲೇ ಟರ್ಕಿ ಕಾಫಿಗೂ ಆ ಗೌರವ ಸಿಕ್ಕಿತ್ತು. ಅರಬಿ ಕಾಫಿಯ ಆ ನಾಲ್ಕು ಹೆಸರುಗಳಲ್ಲಿ ಯೆಮನ್ ಇಲ್ಲ. ಆ ವರ್ಷ ಅಲ್ಲಿ ಬಾಂಬು ಬೀಳುತ್ತಿತ್ತು.

ಯುದ್ಧಕ್ಕೂ ಮೊದಲೇ ಯೆಮನಿನ ಕಾಫಿಗೆ ಇನ್ನೊಂದು ಪೆಟ್ಟು ಬಿದ್ದಿತ್ತು. ನೆನಪಿನಲ್ಲಿಡಿ ಅಂದೆವಲ್ಲ, ಆ ಖಾತ್. ನಮ್ಮಲ್ಲಿ ಎಲೆಅಡಿಕೆ ಜಗಿಯುವಂತೆ ಅಲ್ಲಿ ಮಧ್ಯಾಹ್ನದ ಊಟ ಆದ ಮೇಲೆ ಖಾತ್ ಸೊಪ್ಪನ್ನು ಕೆನ್ನೆಯಲ್ಲಿ ತುಂಬಿಕೊಂಡು ಗಂಟೆಗಟ್ಟಲೆ ಜಗಿಯುತ್ತಾರೆ. ಇದು ಎಲೆಅಡಿಕೆಗಿಂತ ಬಲವಾದದ್ದು, ಅಮಲಿನ ಗುಣ ಇರುವಂಥದ್ದು. ನಮ್ಮ ದರ್ಸಿನಲ್ಲಿ ಓದುವ ತುಹ್ಫಾದ ಇಮಾಮ್ ಇಬ್ನು ಹಜರ್ ಹೈತಮೀ (ರ) ಅವರು 16ನೇ ಶತಮಾನದಲ್ಲೇ ಖಾತ್ ಬಗ್ಗೆ ಎಚ್ಚರಿಸಿ ಪ್ರತ್ಯೇಕ ಕಿರುಗ್ರಂಥ ಬರೆದಿದ್ದಾರೆ. ಆದರೆ ಬೆಳೆಗಾರನ ಲೆಕ್ಕವೇ ಬೇರೆ. ಕಾಫಿ ವರ್ಷಕ್ಕೊಮ್ಮೆ ಕೊಯ್ಲು, ಖಾತ್ ಸೊಪ್ಪನ್ನು ಮತ್ತೆ ಮತ್ತೆ ಕೊಯ್ಯಬಹುದು, ಕೈಗೆ ದುಡ್ಡು ಕೂಡಲೇ. ಹೀಗೆ ಅಜ್ಜಂದಿರು ನೆಟ್ಟ ಕಾಫಿ ಗಿಡಗಳನ್ನು ಕಿತ್ತು ಖಾತ್ ಹಾಕಿದವರು ಬಹಳ. ಮೊದಲೇ ನೀರಿಗೆ ಬರ ಇರುವ ದೇಶದಲ್ಲಿ ನೀರೂ ಅದಕ್ಕೇ ಹೋಯಿತು. ಖಾತ್ ಬಿಟ್ಟು ಕಾಫಿ ಹಿಡಿದರೆಂದು ಯಾರ ಹೆಸರು ಹೇಳುತ್ತಾರೋ ಆ ಹಿರಿಯರ ನಾಡು ಕಾಫಿ ಕಿತ್ತು ಖಾತ್ ಹಿಡಿಯಿತು. ಲಾಂಛನದ ಗಿಡ ಮಾತ್ರ ಅಲ್ಲೇ ಇದೆ.

ಹರಾಝ್ ಗುಡ್ಡದ ಕೆಲವು ಹಳ್ಳಿಗಳಲ್ಲಿ ಈಚಿನ ವರ್ಷಗಳಲ್ಲಿ ಖಾತ್ ಕಿತ್ತು ಪುನಃ ಕಾಫಿ ನೆಡುತ್ತಿದ್ದಾರೆ. ನೆಟ್ಟ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು, ಅಷ್ಟು ಕಾಲ ಮನೆ ನಡೆಸುವುದು ಅವರಿಗೆ ಸುಲಭ ಇಲ್ಲ. ಕೆಳಗೆ ಮೊಖಾದಲ್ಲಿ ಶೈಖರ ಮಸೀದಿಯ ಬಿಳಿ ಮಿನಾರ ಇನ್ನೂ ನಿಂತಿದೆ.